ಕಕ್ಕಡದ ಸೊಪ್ಪು ಸಂತೆಗೆ ಬಂದ ಬಗೆ

ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ ಮಡಿಕೇರಿಯ ಮಾರುಕಟ್ಟೆಗೆ ಹೋದವರಿಗೆ ಬೀನ್ಸ್, ಎಲೆಕೋಸುಗಳ ಪಕ್ಕದಲ್ಲಿ ಕಡುಹಸಿರು ಸೊಪ್ಪಿನ ಕಟ್ಟುಗಳು ಕಾಣಸಿಗುತ್ತವೆ. ಕೊಡವರು ಮದ್ದು ತೊಪ್ಪು ಎಂದೂ ಅರೆಭಾಷೆ ಗೌಡರು ಆಟಿ ಸೊಪ್ಪು ಎಂದೂ ಕರೆಯುವ ಈ ಗಿಡಕ್ಕೆ ಸಸ್ಯಶಾಸ್ತ್ರದಲ್ಲಿ ಜಸ್ಟೀಸಿಯಾ ವೈನಾಡೆನ್ಸಿಸ್ ಎಂಬ ಹೆಸರಿದೆ. ಜುಲೈ ನಡುವೆ ಶುರುವಾಗುವ ಕಕ್ಕಡ ಮಾಸದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಇದರ ಎಲೆಯಲ್ಲಿ ಹದಿನೆಂಟು ಬಗೆಯ ಔಷಧ ತುಂಬಿರುತ್ತದೆ ಎಂಬುದು ನಂಬಿಕೆ. ಎಲೆ, ಕಾಂಡಗಳನ್ನು ಕುದಿಸಿದರೆ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಆ ನೀರಿನಲ್ಲಿ ಅಕ್ಕಿ ಬೇಯಿಸಿ ಪಾಯಸ ಮಾಡುತ್ತಾರೆ, ತರಿ ಬೇಯಿಸಿ ಮದ್ದುಪುಟ್ಟು ಮಾಡುತ್ತಾರೆ. ಮರುದಿನ ಮೂತ್ರ ಕೆಂಪಾದರೆ ಮದ್ದು ಮೈಗೆ ಹತ್ತಿತು ಎಂದು ನಗುತ್ತಲೇ ಹೇಳಿಕೊಳ್ಳುತ್ತಾರೆ. ಬೇಲಿಯ ಮಗ್ಗುಲಲ್ಲಿ, ತೋಟದ ನೆರಳಲ್ಲಿ ತಾನಾಗಿ ಬೆಳೆಯುವ ಈ ಗಿಡವನ್ನು ದುಡ್ಡು ಕೊಟ್ಟು ಕೊಳ್ಳುವುದೆಂದರೆ ಹಿಂದಿನ ತಲೆಮಾರಿನವರಿಗೆ ನಗೆಪಾಟಲಿನ ಸಂಗತಿಯಾಗಿತ್ತು. ಇಂದು ಅದು ಕಟ್ಟಿನ ಲೆಕ್ಕದಲ್ಲಿ ಮಾರಾಟವಾಗುತ್ತದೆ, ಬೆಂಗಳೂರಿನಲ್ಲಿ ನೆಲೆಸಿದ ಮಕ್ಕಳಿಗೆಂದು ಬಸ್ಸಿನಲ್ಲೂ ಕೊರಿಯರಿನಲ್ಲೂ ಹೋಗುತ್ತದೆ.

ಕೊಡಗಿನ ಊಟದ ಕುರಿತು ಈಗ ಕೇಳಿಬರುವ ಮಾತು ಹೆಚ್ಚಾಗಿ ಎರಡು ಬಗೆಯದು. ಒಂದು, ಪಂದಿಕರಿ ಎಂಬ ಹಂದಿಮಾಂಸದ ಖಾದ್ಯ, ಕಡಂಬುಟ್ಟು ಎಂಬ ಅಕ್ಕಿತರಿಯ ಉಂಡೆಗಳ ಚಿತ್ರ ಹಾಕಿ ಪ್ರವಾಸಿಗರನ್ನು ಕರೆಯುವ ಹೋಂಸ್ಟೇಗಳ ಮಾತು. ಇನ್ನೊಂದು, ಹಳೆಯ ಅಡುಗೆ ಅಳಿದುಹೋಗುತ್ತಿದೆ ಎಂಬ ಹಿರಿಯರ ಕೊರಗು. ಎರಡೂ ಮಾತುಗಳು ಊಟವನ್ನು ಪಾಕವಿಧಾನವಾಗಿಯೇ ಕಾಣುತ್ತವೆ. ಪದಾರ್ಥ ಒಲೆಗೆ ಬರುವ ಮುಂಚೆ ಯಾವ ದಾರಿಯಲ್ಲಿ ಬಂತು, ಆ ದಾರಿಯಲ್ಲಿ ನಡೆಯುವ ಹಕ್ಕು ಯಾರಿಗಿತ್ತು, ಈಗ ಯಾರಿಗಿದೆ ಎಂಬುದನ್ನು ಕೇಳುವವರು ಕಡಿಮೆ. ಕಾಡಿಗೆ ಹೋಗುವ ಕಾಲುದಾರಿ, ಗದ್ದೆಗೆ ಇಳಿಯುವ ಏರಿ, ಘಟ್ಟ ಇಳಿದು ಮಲಬಾರಿನ ಕಡಲಿಗೆ ಸೇರುವ ಎತ್ತಿನ ಜಾಡು, ಈ ಮೂರು ದಾರಿಗಳೇ ಕೊಡಗಿನ ರುಚಿಯನ್ನು ಕಟ್ಟಿದವು ಎಂಬುದು ನನ್ನ ವಾದ. ಇವತ್ತಿನ ಬದಲಾವಣೆಯನ್ನು ಅಳೆಯಬೇಕಾದರೂ ಅಡುಗೆಮನೆಗಿಂತ ಮೊದಲು ಆ ದಾರಿಗಳನ್ನೇ ನೋಡಬೇಕಾಗುತ್ತದೆ.

ಹಸಿವಿನ ತಿಂಗಳ ಅಡುಗೆ

ಕೊಡಗು 4,102 ಚದರ ಕಿಲೋಮೀಟರಿನ ಸಣ್ಣ ಜಿಲ್ಲೆ. ಆದರೂ ಪಶ್ಚಿಮದ ಭಾಗಮಂಡಲದ ಕಡೆ ವರ್ಷಕ್ಕೆ 5,000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿದರೆ, ಪೂರ್ವದ ಕುಶಾಲನಗರದ ಕಡೆ ಅದರ ಐದನೆಯ ಒಂದು ಪಾಲು ಬಿದ್ದರೆ ದೊಡ್ಡದು. ಪೂರ್ವದ ಅಂಚಿನಲ್ಲಿ ರಾಗಿಮುದ್ದೆ ಮೈಸೂರು ಸೀಮೆಯಿಂದ ಒಳಗೆ ಬಂದು ನಿಂತಿತು. ಪಶ್ಚಿಮಕ್ಕೆ ಹೋದಷ್ಟೂ ಅಕ್ಕಿಯದೇ ರಾಜ್ಯ. ಜೂನ್ ನಡುವಿನಿಂದ ಆಗಸ್ಟ್ ನಡುವಿನವರೆಗೆ ಈ ಪಶ್ಚಿಮ ಭಾಗದಲ್ಲಿ ಬಿಸಿಲು ಕಾಣುವುದೇ ಅಪರೂಪವಾಗಿತ್ತು. ಹಿಂದಿನ ವರ್ಷದ ಭತ್ತ ಪತ್ತಾಯದ ತಳ ಮುಟ್ಟುವ, ಹೊಸ ಬೆಳೆಗೆ ಇನ್ನೂ ನಾಲ್ಕೈದು ತಿಂಗಳು ಉಳಿದಿರುವ, ಗದ್ದೆಯ ಕೆಸರಿನಲ್ಲಿ ಇಡೀ ದಿನ ನಾಟಿ ಮಾಡಬೇಕಾದ ಕಾಲ ಅದು. ಕಕ್ಕಡದಲ್ಲಿ ಮದುವೆ ಮುಂಜಿಗಳನ್ನು ಇಟ್ಟುಕೊಳ್ಳದ ಪದ್ಧತಿಯ ಹಿಂದೆ ಶಾಸ್ತ್ರಕ್ಕಿಂತ ಬರಿದಾದ ಕಣಜವೇ ಹೆಚ್ಚು ಕೆಲಸ ಮಾಡಿರಬೇಕು. ಘಟ್ಟದ ಕೆಳಗಿನ ತುಳುನಾಡಿನಲ್ಲಿಯೂ ಆಟಿ ಇಂಥದೇ ತಿಂಗಳು. ಅಲ್ಲಿ ಆಟಿ ಅಮಾವಾಸ್ಯೆಯಂದು ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ.

ಇಂದು ಹೋಂಸ್ಟೇಗಳ ಊಟದ ಪಟ್ಟಿಯಲ್ಲಿ ವಿಶೇಷ ಎಂದು ಮೆರೆಯುವ ಬಹುಪಾಲು ಖಾದ್ಯಗಳು ಈ ಹಸಿವಿನ ತಿಂಗಳುಗಳವು. ಬೈಂಬಳೆ ಎಂಬ ಎಳೆಬಿದಿರು, ಕುಮ್ಮು ಎಂಬ ಅಣಬೆ, ತೊರೆಯ ದಂಡೆಯಲ್ಲಿ ಚಿಗುರುವ ತೆರ್ಮೆ ತೊಪ್ಪು ಎಂಬ ಜರಿಗಿಡ, ಕೆಂಬು ಎಂಬ ಕೆಸುವಿನೆಲೆ, ಗದ್ದೆಯ ಬದುವಿನ ಏಡಿ, ಗದ್ದೆಗೆ ಏರಿಬರುವ ಕಿರುಮೀನು, ಇವೆಲ್ಲ ಮಳೆ ಕೊಟ್ಟದ್ದು, ಅದೂ ಅಕ್ಕಿ ಕಡಿಮೆಯಾದ ಹೊತ್ತಿಗೆ ಸರಿಯಾಗಿ ಕೊಟ್ಟದ್ದು. ಇವುಗಳ ಜೊತೆಗೆ ಬೇಸಗೆಯಲ್ಲೇ ಕೂಡಿಟ್ಟ ಉಗ್ರಾಣವೊಂದಿತ್ತು: ಕೆಮ್ಮಣ್ಣು ಬಳಿದು ಇಟ್ಟ ಹಲಸಿನ ಬೀಜ, ಉಪ್ಪುನೀರಿನ ಭರಣಿಯಲ್ಲಿ ಮುಳುಗಿದ ಕಾಡುಮಾವು, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಯುಂಡು ಕಪ್ಪಾದ ಒಣಕ್ಕೆರ್ಚಿ ಎಂಬ ಒಣಮಾಂಸ. ಬಿಸಿಲಿಲ್ಲದ ನಾಡಿನಲ್ಲಿ ಒಣಗಿಸುವ ಕೆಲಸವನ್ನು ಒಲೆಯ ಹೊಗೆ ಮಾಡಬೇಕಾಗಿತ್ತು.

ಕಾಡಿನಿಂದ ತಂದದ್ದನ್ನೆಲ್ಲ ಹಾಗೆಯೇ ತಿನ್ನುವಂತಿರಲಿಲ್ಲ. ಎಳೆಬಿದಿರಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ರಾಸಾಯನಿಕಗಳಿವೆ. ಅದನ್ನು ತೆಳ್ಳಗೆ ಹೆಚ್ಚಿ, ಎರಡು ಮೂರು ದಿನ ನೀರು ಬದಲಾಯಿಸುತ್ತಾ ನೆನೆಸಿಟ್ಟು, ಆಮೇಲೆ ಬೇಯಿಸುವ ಪದ್ಧತಿಯಿಂದ ವಿಷ ಹೊರಟುಹೋಗುತ್ತದೆ, ನಸುಹುಳಿಯ ಆ ವಿಶಿಷ್ಟ ವಾಸನೆಯೂ ಹುಟ್ಟುತ್ತದೆ. ಕೆಸುವಿನೆಲೆಯಲ್ಲಿ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುವುದರಿಂದ ಗಂಟಲು ತುರಿಸುತ್ತದೆ, ಹಾಗಾಗಿ ಚೆನ್ನಾಗಿ ಬೇಯಿಸಿ ಹುಳಿ ಬೆರೆಸುತ್ತಾರೆ. ಯಾವ ಅಣಬೆ ಯಾವ ಹುತ್ತದ ಬಳಿ ಯಾವ ಗುಡುಗಿನ ನಂತರ ಏಳುತ್ತದೆ ಎಂಬ ತಿಳಿವಂತೂ ಬರೆದಿಡುವಂಥದಲ್ಲ. ಗೆದ್ದಲು ಹುತ್ತದ ಅಣಬೆ ಗೆದ್ದಲಿನ ಜೊತೆಗೂಡಿಯೇ ಬದುಕುವ ಜೀವಿ. ಅದನ್ನು ಕೊಟ್ಟಿಗೆಯಲ್ಲಿ ಬೆಳೆಸಿ ಮಾರುವ ವಿದ್ಯೆ ಇವತ್ತಿಗೂ ಕೈಗೆ ಸಿಕ್ಕಿಲ್ಲ. ಈ ತಿಳಿವೆಲ್ಲ ಮುಖ್ಯವಾಗಿ ಹೆಂಗಸರಲ್ಲಿ, ಹಾಗೂ ಗದ್ದೆ–ತೋಟಗಳಲ್ಲಿ ದುಡಿಯುತ್ತಿದ್ದ ಯರವ, ಕುರುಬ, ಕುಡಿಯರಂಥ ಸಮುದಾಯಗಳಲ್ಲಿ ಉಳಿದುಬಂದಿತು. ಒಕ್ಕಲಿನ ಮನೆಯ ತಟ್ಟೆಗೆ ಬಂದ ಜೇನು, ಅಣಬೆ, ಕಾಡುಗೆಣಸುಗಳ ಹಿಂದೆ ಎಷ್ಟೋ ಸಲ ಇವರ ಕೈ ಇತ್ತು ಎಂಬುದನ್ನು ಕೊಡಗಿನ ಅಡುಗೆಯ ವರ್ಣನೆಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಕಾಚಂಪುಳಿಯ ಕಥೆ

ಹುಳಿಯ ಮಾತನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು, ಏಕೆಂದರೆ ಒಂದು ನಾಡಿನ ನೆಲವನ್ನು ಅದರ ಹುಳಿಯಿಂದ ಗುರುತಿಸಬಹುದು. ಬಯಲುಸೀಮೆಗೆ ಹುಣಸೆ, ಕರಾವಳಿಗೆ ಮುರುಗಲು, ಕೊಡಗಿಗೆ ಕಾಚಂಪುಳಿ. ಹುಣಸೆಗೆ ಒಣಹವೆ ಬೇಕು. ಮಳೆಕಾಡಿನಲ್ಲಿ ಅದು ಚೆನ್ನಾಗಿ ಫಲ ಕೊಡುವುದಿಲ್ಲ. ಆ ಜಾಗದಲ್ಲಿ ಗಾರ್ಸೀನಿಯಾ ಗಮ್ಮಿ–ಗುಟ್ಟಾ ಎಂಬ ಮರ, ಉತ್ತರ ಕನ್ನಡದವರು ಉಪ್ಪಾಗೆ ಎನ್ನುವುದು, ಧಾರಾಳವಾಗಿ ಬೆಳೆಯುತ್ತದೆ. ವಿಶೇಷವೆಂದರೆ ಒಂದೇ ಮರದ ಹಣ್ಣನ್ನು ಘಟ್ಟದ ಉದ್ದಕ್ಕೂ ಜನರು ಬೇರೆ ಬೇರೆ ರೀತಿಯಲ್ಲಿ ಬಳಸಿದ್ದಾರೆ. ಕೇರಳದಲ್ಲಿ ಸಿಪ್ಪೆಯನ್ನು ಒಣಗಿಸಿ ಹೊಗೆಯಲ್ಲಿಟ್ಟು ಕುಡಂಪುಳಿ ಮಾಡಿ ಮೀನಿನ ಸಾರಿಗೆ ಹಾಕುತ್ತಾರೆ. ಶ್ರೀಲಂಕಾದಲ್ಲಿ ಅದು ಗೊರಕ. ಉತ್ತರ ಕನ್ನಡದಲ್ಲಿ ಬೀಜದಿಂದ ತುಪ್ಪದಂಥ ಕೊಬ್ಬನ್ನು ತೆಗೆಯುತ್ತಾರೆ. ಕೊಡಗಿನಲ್ಲಿ ಮಾತ್ರ ಕಳಿತ ಹಣ್ಣನ್ನು ಬುಟ್ಟಿಯಲ್ಲಿಟ್ಟು, ತೊಟ್ಟಿಕ್ಕುವ ರಸವನ್ನು ಕೆಳಗಿನ ಪಾತ್ರೆಯಲ್ಲಿ ಹಿಡಿದು, ಅದು ಕಪ್ಪಾಗಿ ಮಂದವಾಗುವ ತನಕ ಗಂಟೆಗಟ್ಟಲೆ ಕುದಿಸುತ್ತಾರೆ. ಹಣ್ಣು ಮಾಗುವುದು ಜಡಿಮಳೆಯ ಕಾಲದಲ್ಲಿ. ಒಣಗಿಸಲು ಬಿಸಿಲಿಲ್ಲ, ಸೌದೆಗೆ ಕೊರತೆಯಿಲ್ಲ. ಹಾಗಾಗಿ ಕುದಿಸಿ ಬತ್ತಿಸುವ ದಾರಿ ಹಿಡಿದಿರಬೇಕು ಎಂಬುದು ನನ್ನ ಊಹೆ. ಹೀಗೆ ಸಿದ್ಧವಾದ ಕಾಚಂಪುಳಿ ವರ್ಷಗಟ್ಟಲೆ ಕೆಡುವುದಿಲ್ಲ. ಕೊಬ್ಬಿನ ಹಂದಿಮಾಂಸಕ್ಕೆ ಅದನ್ನು ಹಾಕಿದರೆ ಜಿಡ್ಡು ಮುರಿಯುತ್ತದೆ, ಅಡುಗೆಯೂ ಬೇಗ ಹಳಸುವುದಿಲ್ಲ.

1990ರ ದಶಕದಲ್ಲಿ ಇದೇ ಹಣ್ಣಿಗೆ ದೂರದೇಶದ ಗಿರಾಕಿ ಹುಟ್ಟಿಕೊಂಡ. ಹಣ್ಣಿನ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ದೇಹದ ತೂಕ ಇಳಿಸುತ್ತದೆ ಎಂಬ ಪ್ರಚಾರದಿಂದ ಅಮೆರಿಕದ ಮಾತ್ರೆ ತಯಾರಕರು ಅದನ್ನು ಕೊಳ್ಳತೊಡಗಿದರು. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಸಂಗ್ರಹದ ಪೈಪೋಟಿ ನಡೆದು, ಕಾಯಿ ಮಾಗುವ ಮೊದಲೇ ಕೊಂಬೆ ಸಮೇತ ಕಡಿದುಕೊಂಡು ಹೋಗುವ ದುರಾಸೆಯೂ ಕಾಣಿಸಿಕೊಂಡಿತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ, 135 ಮಂದಿಯನ್ನು 12 ವಾರ ಗಮನಿಸಿದ ಪ್ರಯೋಗವು ಈ ಸಾರ ತಿಂದವರಿಗೂ ಬರಿಯ ತೋರಿಕೆಯ ಮಾತ್ರೆ ತಿಂದವರಿಗೂ ತೂಕ ಇಳಿಯುವುದರಲ್ಲಿ ಗಣನೀಯ ವ್ಯತ್ಯಾಸವಿಲ್ಲ ಎಂದು ತೋರಿಸಿತು. ಮಾತ್ರೆಗಳ ಮಾರಾಟವೇನೂ ಅದರಿಂದ ನಿಲ್ಲಲಿಲ್ಲ. ಪಂದಿಕರಿ ಉಂಡು ಯಾರೂ ತೆಳ್ಳಗಾದದ್ದಿಲ್ಲ ಎಂಬುದನ್ನು ಕೊಡಗಿನವರು ಮೊದಲೇ ಹೇಳಬಹುದಾಗಿತ್ತು.

ಗದ್ದೆ, ಬಾಣೆ, ಘಟ್ಟದ ಜಾಡು

ಕಾಡು ಕೊಟ್ಟದ್ದು ನಂಚಿಕೊಳ್ಳುವುದಕ್ಕೆ. ಹೊಟ್ಟೆ ತುಂಬಿಸಿದ್ದು ಅಕ್ಕಿ. ಕೊಡವ ತಕ್ಕ್ ಎಂಬ ಕೊಡವರ ಭಾಷೆಯಲ್ಲಿ ಅನ್ನಕ್ಕೆ ಕೂಳು ಎಂದೇ ಹೆಸರು, ತುಪ್ಪದನ್ನ ನೈಕೂಳು. ಬಯಲಿನ ಕನ್ನಡದಲ್ಲಿ ಈ ಹಳೆಯ ಪದ ಬೈಗುಳದ ಮಟ್ಟಕ್ಕೆ ಇಳಿದುಹೋಗಿ, ಗೌರವದ ಜಾಗವನ್ನು ಸಂಸ್ಕೃತದ ಅನ್ನಕ್ಕೆ ಬಿಟ್ಟುಕೊಟ್ಟಿದೆ. ಬೆಟ್ಟದ ಮೇಲೆ ಅದು ಇನ್ನೂ ಮಾನದಿಂದ ಬದುಕಿದೆ. ಅಕ್ಕಿಯ ಒಂದು ಕಾಳೂ ಇಲ್ಲಿ ವ್ಯರ್ಥವಾಗುತ್ತಿರಲಿಲ್ಲ. ಕುಟ್ಟುವಾಗ ಮುರಿದ ಅಕ್ಕಿ ತರಿಯಾಗಿ ಕಡಂಬುಟ್ಟಿನ ಉಂಡೆಗೂ ಪಾಪುಟ್ಟಿಗೂ ಹೋಗುತ್ತದೆ. ಅನ್ನವನ್ನು ಅಕ್ಕಿಹಿಟ್ಟಿನೊಂದಿಗೆ ನಾದಿದರೆ ಅಕ್ಕಿ ಒಟ್ಟಿಯಾಗುತ್ತದೆ. ಬೆಂದ ಹಿಟ್ಟನ್ನು ಒತ್ತಿದರೆ ನೂಲ್‌ಪುಟ್ಟಾಗುತ್ತದೆ. ನೂಲ್‌ಪುಟ್ಟಿಗೆ ಮಲಬಾರಿನ ನೂಲಪ್ಪವೂ, ಒಟ್ಟಿಗೆ ಅಲ್ಲಿನ ಪತ್ತಿರಿಯೂ ಹತ್ತಿರದ ನೆಂಟರು ಎಂಬುದು ಉಂಡವರಿಗೆ ತಾನಾಗಿ ತಿಳಿಯುತ್ತದೆ.

ಈ ನೆಂಟಸ್ತಿಕೆ ನಡೆದದ್ದು ವ್ಯಾಪಾರದ ಜಾಡಿನಲ್ಲಿ. ಕೊಡಗಿಗೆ ಕಡಲಿಲ್ಲ, ಉಪ್ಪಿಲ್ಲ. ಮಲಬಾರಿಗೆ ತನ್ನ ಜನಕ್ಕೆ ಸಾಲುವಷ್ಟು ಅಕ್ಕಿಯಿಲ್ಲ. ಆದ್ದರಿಂದ ವಿರಾಜಪೇಟೆಯಿಂದ ಪೆರುಂಬಾಡಿ ಘಟ್ಟ ಇಳಿದು ತಲಶ್ಶೇರಿ, ಕಣ್ಣೂರುಗಳತ್ತ ಹೋಗುವ ಹೇರೆತ್ತುಗಳು ಅಕ್ಕಿಯನ್ನು ಕೊಂಡೊಯ್ದು ಉಪ್ಪನ್ನೂ ಒಣಮೀನನ್ನೂ ಹೊತ್ತು ತರುತ್ತಿದ್ದವು. ಮಳೆ ಹಿಡಿದ ಮೇಲೆ ಘಟ್ಟದ ಹಾದಿ ಮುಚ್ಚುವುದರಿಂದ ಈ ಸರಕನ್ನೆಲ್ಲ ಅದಕ್ಕೆ ಮೊದಲೇ ತಂದಿಟ್ಟುಕೊಳ್ಳಬೇಕಾಗಿತ್ತು. ಇದರ ಮೇಲೆ ಏಲಕ್ಕಿ, ಮೆಣಸುಗಳ ದೊಡ್ಡ ವ್ಯಾಪಾರವಿತ್ತು. ಅದು ಅರಮನೆಯ ಸೊತ್ತು. ಕೊಡಗನ್ನಾಳಿದ ಹಾಲೇರಿ ಮನೆತನದ ದೊರೆ ದೊಡ್ಡ ವೀರರಾಜೇಂದ್ರ 1790ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ, ಟಿಪ್ಪುವಿನ ವಿರುದ್ಧದ ಸ್ನೇಹದ ಮಾತುಗಳ ಜೊತೆಗೆ, ಕೊಡಗಿನ ಸರಕನ್ನು ಕೊಳ್ಳುವುದರಲ್ಲಿ ಕಂಪನಿಗೇ ಮೊದಲ ಆದ್ಯತೆ ಎಂಬ ಮಾತೂ ಸೇರಿತ್ತು.

ಕಡಲಿನಾಚೆಯಿಂದ ಬಂದ ಬದಲಾವಣೆಗೆ ಭಾಷೆಯಲ್ಲಿಯೇ ಸಾಕ್ಷಿಯಿದೆ. ಗಾಂಧಾರಿ ಮೆಣಸು ಎಂಬ ಚಿಕ್ಕ ಖಾರದ ಕಾಯಿಗೆ ಕೊಡವ ತಕ್ಕಿನಲ್ಲಿ ಪರಂಗಿ ಮಾಲು ಎನ್ನುತ್ತಾರೆ. ಪೋರ್ಚುಗೀಸರು ಅಮೆರಿಕ ಖಂಡದಿಂದ ತಂದ ಮೆಣಸಿನಕಾಯಿಯ ಮೇಲೆ ಪರಂಗಿಯವರ ಮುದ್ರೆ ಹೀಗೆ ಉಳಿಯಿತು. ಹೊಸದು ಬಂದ ಮೇಲೆ ಹಳೆಯ ಕರಿಮೆಣಸನ್ನು ಬೇರ್ಪಡಿಸಿ ಹೇಳುವ ಅಗತ್ಯ ಬಿದ್ದು ಅದು ನಲ್ಲ ಮಾಲು, ಮಲೆನಾಡಿನ ಕನ್ನಡದಲ್ಲಿ ಒಳ್ಳೆಮೆಣಸು, ಆಯಿತು. ಪಂದಿಕರಿ ಇಂದಿಗೂ ಮುಖ್ಯವಾಗಿ ಹುರಿದ ಕೊತ್ತಂಬರಿ, ಜೀರಿಗೆ, ಕರಿಮೆಣಸುಗಳ ಅಡುಗೆ; ತೆಂಗಿನಕಾಯಿಗೆ ಅದರಲ್ಲಿ ಜಾಗವಿಲ್ಲ. ಆದರೆ ಆ ಕೊತ್ತಂಬರಿ, ಜೀರಿಗೆಗಳೂ ಬಯಲುಸೀಮೆಯ ಕಡೆಯಿಂದ ಸಂತೆಯ ಮೂಲಕ ಬಂದವೇ. ಅಪ್ಪಟ ಎನ್ನುವ ಮಾತನ್ನು ಈ ಖಾದ್ಯದ ಮೇಲೆ ಹೊರಿಸುವವರು ಮಸಾಲೆಡಬ್ಬಿಯನ್ನು ಒಮ್ಮೆ ತೆರೆದು ನೋಡುವುದು ವಾಸಿ.

ಕಾಡು ಮತ್ತು ಗದ್ದೆಗಳನ್ನು ಒಂದಕ್ಕೊಂದು ಕಟ್ಟಿಹಾಕಿದ್ದ ಒಂದು ವ್ಯವಸ್ಥೆಯನ್ನು ಇಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ವಂಶಪಾರಂಪರ್ಯವಾಗಿ ಬರುವ ಜಮ್ಮಾ ಹಿಡುವಳಿಯಲ್ಲಿ ಗದ್ದೆಯ ಜೊತೆಗೆ ಬಾಣೆ ಎಂಬ ಮರಗಾಡಿನ ದಿಣ್ಣೆಯನ್ನು ಕಂದಾಯವಿಲ್ಲದೆ ಬಿಟ್ಟುಕೊಡುತ್ತಿದ್ದರು. ಗದ್ದೆಗೆ ಬೇಕಾದ ಸೊಪ್ಪುಗೊಬ್ಬರ, ಮನೆಗೆ ಸೌದೆ, ದನಕ್ಕೆ ಮೇವು ಅಲ್ಲಿಂದ ಬರಬೇಕು ಎಂಬುದು ಉದ್ದೇಶ. ಬಾಣೆಯ ಮರಗಳ ಕೆಳಗೆ ಅಣಬೆ, ಕಾಡುಮಾವು, ಕಾಚಂಪುಳಿ, ಜೇನು ಸಿಗುತ್ತಿದ್ದವು. ಬಾಣೆಯ ಕೆಳಗಿನ ಗದ್ದೆಯಲ್ಲಿ ಅಕ್ಕಿ, ಏಡಿ, ಮೀನು. ಕೊಡಗಿನ ತಟ್ಟೆ ಈ ಇಳಿಜಾರಿನ ಮೇಲಿಂದ ಕೆಳಗಿನವರೆಗೆ ಹಬ್ಬಿತ್ತು.

1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿತು. 1854ರಲ್ಲಿ ಫೌಲರ್ ಎಂಬ ಆಂಗ್ಲ ತೋಟಗಾರ ಮಡಿಕೇರಿಯ ಬಳಿ ಕಾಫಿ ಎಸ್ಟೇಟ್ ಆರಂಭಿಸಿದ. ಅದರ ಲಾಭ ಕಂಡ ಸ್ಥಳೀಯರು ತಮ್ಮ ಬಾಣೆಗಳಲ್ಲೂ ಕಾಫಿ ಹಾಕಿದರು. ಗದ್ದೆಯನ್ನು ಸಾಕಲೆಂದು ಇದ್ದ ನೆಲ ಹೀಗೆ ಗದ್ದೆಗಿಂತ ಬೆಲೆಬಾಳುವ ತೋಟವಾಯಿತು. ಮೇವು ಕುಗ್ಗಿತು, ದನ ಕಡಿಮೆಯಾಯಿತು, ಗೊಬ್ಬರ ಕೊಳ್ಳುವಂತಾಯಿತು. ಇದು ಒಂದೆರಡು ವರ್ಷದಲ್ಲಲ್ಲ, ನೂರು ವರ್ಷ ಮೀರಿ ನಿಧಾನವಾಗಿ ನಡೆದ ಮಾತು. ಈಗ ದೇಶದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಈ ಒಂದು ಜಿಲ್ಲೆಯದು, ಅದರ ಬಹುಪಾಲು ಹೊರದೇಶಕ್ಕೆ ಹೋಗುವ ಸರಕು. ಒಳ್ಳೆಯ ಬೀಜ ಹಡಗು ಹತ್ತಿದ ಮೇಲೆ ಉಳಿದದ್ದನ್ನು ಹುರಿದು, ಬೆಲ್ಲ ಹಾಕಿ ಕುದಿಸಿದ ಬೆಲ್ಲದ ಕಾಫಿಯೇ ಇಲ್ಲಿನ ಮನೆಗಳ ಪಾನೀಯವಾಯಿತು. ತೋಟದ ಕೆಲಸಕ್ಕೆ ಮೈಸೂರು, ಮಲಬಾರು, ತಮಿಳುನಾಡುಗಳಿಂದ ಬಂದು ಲೈನ್‌ಮನೆಗಳಲ್ಲಿ ನೆಲೆಸಿದವರ ಅಡುಗೆಗಳೂ ಇಲ್ಲಿ ಬೇರುಬಿಟ್ಟವು.

ಬೇಟೆಯ ಮಾತನ್ನು ಚಿಕ್ಕದಾಗಿ ಮುಗಿಸಬಹುದು. ನಾಟಿಯ ಕೆಲಸ ಮುಗಿದ ಮೇಲೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ ಸಲ್ಲಿಸಿ ಬೇಟೆಗೆ ಹೋಗುವುದು ವಾಡಿಕೆಯಾಗಿತ್ತು. ಗದ್ದೆಗೆ ನುಗ್ಗುವ ಕಾಡುಹಂದಿಯೇ ಕರಿಯಾಗುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಆ ಬಾಗಿಲು ಮುಚ್ಚಿತು. ಹಬ್ಬ ಉಳಿಯಿತು, ಕೋವಿ ಉಳಿಯಿತು, ಹಂದಿ ಮಾತ್ರ ಸಾಕಣೆಯದಾಯಿತು. ಮಾಂಸ ಬದಲಾದರೂ ಕರಿಯ ಹೆಸರು, ಅದರ ಕಪ್ಪು ಬಣ್ಣ, ಹುಳಿ ಹಾಗೆಯೇ ಮುಂದುವರಿದಿರುವುದನ್ನು ನೋಡಿದರೆ ಅಡುಗೆ ಎಷ್ಟು ಹೊಂದಿಕೊಳ್ಳಬಲ್ಲದು ಎಂಬುದು ತಿಳಿಯುತ್ತದೆ.

ಒಂದೇ ತಟ್ಟೆಯೆಂಬ ಭ್ರಮೆ

ಪಂದಿಕರಿಯನ್ನೇ ಕೊಡಗಿನ ಊಟವೆಂದು ತೋರಿಸುವುದರಲ್ಲಿ ಒಂದು ಅನ್ಯಾಯವೂ ಇದೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 5,54,519. ಅದರಲ್ಲಿ ಕೊಡವರು ಒಂದು ಭಾಗ ಮಾತ್ರ. ಕೊಡವ ಪದ್ಧತಿಗಳನ್ನೇ ಬಹುಮಟ್ಟಿಗೆ ಅನುಸರಿಸುವ ಅಮ್ಮಕೊಡವರು ಸಸ್ಯಾಹಾರಿಗಳು, ಇಲ್ಲಿನ ಮಾಪಿಳ್ಳೆಗಳು ಹಂದಿ ಮುಟ್ಟದವರು, ಸೋಮವಾರಪೇಟೆ ಕಡೆಯ ಲಿಂಗಾಯತರ ಅಡುಗೆಮನೆ ಬೇರೆಯೇ ಲೋಕ, ಆಳಿದ ಹಾಲೇರಿ ದೊರೆಗಳೂ ಲಿಂಗಾಯತರೇ. ಅರೆಭಾಷೆ ಗೌಡರ ಊಟ ಅರ್ಧ ಸುಳ್ಯ–ಪುತ್ತೂರಿನ ಕಡೆಗೆ ವಾಲುತ್ತದೆ. ಆದರೂ ಕೆಸುವಿನೆಲೆ, ಕಣಿಲೆ ಎಂದೂ ಕರೆಯುವ ಎಳೆಬಿದಿರು, ಏಡಿ, ಆಟಿ ಸೊಪ್ಪು ಇವೆಲ್ಲ ಈ ಜಾತಿಗಳ ಗೆರೆ ದಾಟಿ ಬಹಳ ಮನೆಗಳಲ್ಲಿ ಕಾಣುತ್ತವೆ. ಜಿಲ್ಲೆಯ ಸಾಮಾನ್ಯ ಅಡುಗೆ ಎಂಬುದೊಂದಿದ್ದರೆ ಅದನ್ನು ಹಂದಿಯಲ್ಲಿ ಹುಡುಕುವುದಕ್ಕಿಂತ ಈ ಮಳೆಗಾಲದ ಸೊಪ್ಪುಗಳಲ್ಲಿ ಹುಡುಕುವುದು ಸರಿ. ಪ್ರವಾಸೋದ್ಯಮಕ್ಕೆ ಇದರಿಂದ ಹೆಚ್ಚು ಉಪಯೋಗವಿಲ್ಲ. ಪ್ರವಾಸಿಗೆ ಡಿಸೆಂಬರಿನಲ್ಲೂ ಅದೇ ತಟ್ಟೆ ಬೇಕು. ಹಾಗಾಗಿ ಬೈಂಬಳೆ ಉಪ್ಪಿನಕಾಯಿಯ ಬಾಟಲಿಗೆ ಸೇರುತ್ತದೆ, ಕಾಚಂಪುಳಿಯ ಹೆಸರಿನಲ್ಲಿ ಬಣ್ಣ ಹಾಕಿದ ತೆಳು ಹುಳಿನೀರೂ ಮಾರಾಟವಾಗುತ್ತದೆ, ತಿಂಗಳಿಗೆ ಕಟ್ಟಿದ್ದ ಊಟ ವರ್ಷವಿಡೀ ಹರಡಿಕೊಳ್ಳುತ್ತದೆ.

ಬೇಡಿಕೆ ಹೀಗೆ ಬೆಳೆಯುತ್ತಿರುವಾಗಲೇ ಪದಾರ್ಥ ಸಿಗುವ ನೆಲ ಕಿರಿದಾಗುತ್ತಿದೆ. ಕೂಲಿಯಾಳುಗಳ ಕೊರತೆಯಿಂದ ತೋಟಗಳಲ್ಲಿ ಕತ್ತಿಯಿಂದ ಕಳೆ ಸವರುವ ಬದಲು ಕಳೆನಾಶಕ ಸಿಂಪಡಿಸುವುದು ಸಾಮಾನ್ಯವಾಗಿದೆ. ಮಾಲೀಕನ ಲೆಕ್ಕದಲ್ಲಿ ಕಳೆಯಾದದ್ದು ಲೈನ್‌ಮನೆಯ ಹೆಂಗಸಿನ ಲೆಕ್ಕದಲ್ಲಿ ಸಂಜೆಯ ಸೊಪ್ಪು. ಸಿಂಪಡಣೆಯಾದ ಮೇಲೆ ಎರಡೂ ಇಲ್ಲ. ಕಾಡುಮರಗಳನ್ನು ಕಡಿಯಲು ಅನುಮತಿಯ ಸರಪಳಿಯಿದೆ, ಸಿಲ್ವರ್ ಓಕಿಗೆ ಆ ತೊಡಕಿಲ್ಲ. ಅದು ನೆಟ್ಟಗೆ ಬೆಳೆದು ಮೆಣಸಿನ ಬಳ್ಳಿಗೂ ಆಸರೆಯಾಗುತ್ತದೆ. ಆಸ್ಟ್ರೇಲಿಯದಿಂದ ಬಂದ ಈ ಮರದ ಕೆಳಗೆ ನಿಂತು ಮೇಲೆ ನೋಡಿದರೆ ತಿನ್ನುವುದಕ್ಕೆ ಏನೂ ಕಾಣುವುದಿಲ್ಲ. ಹಲಸಿನ ಗತಿ ಇನ್ನೂ ವಿಚಿತ್ರ: ಹಣ್ಣಿನ ವಾಸನೆ ಹಿಡಿದು ಆನೆ ತೋಟಕ್ಕೆ ಬರುತ್ತದೆ ಎಂಬ ಭಯದಿಂದ ಎಳೆಗಾಯಿಯಲ್ಲೇ ಕೊಯ್ದುಹಾಕುವವರಿದ್ದಾರೆ. 2010ರ ಆಸುಪಾಸಿನ ವರ್ಷಗಳಲ್ಲಿ ನಾಗರಹೊಳೆ, ವಯನಾಡುಗಳ ಬಿದಿರು ಒಟ್ಟಾಗಿ ಹೂಬಿಟ್ಟು ಸತ್ತದ್ದು ಆನೆಗೂ ಮನುಷ್ಯನಿಗೂ ಒಟ್ಟಿಗೇ ಬಂದ ಕೊರತೆ. ಬಿದಿರಿನ ಬಾಳು ನಲವತ್ತು ವರ್ಷ ಮೀರಿದ ಚಕ್ರ. ಆ ಕೊರತೆ ಒಂದು ಮಳೆಗಾಲದಲ್ಲಿ ತೀರುವಂಥದಲ್ಲ.

ಗದ್ದೆಯ ಮಾತು ಇದಕ್ಕಿಂತ ಕಠಿಣ. ವರ್ಷಕ್ಕೊಂದೇ ಬೆಳೆ, ಏರಿದ ಕೂಲಿ, ಕದಿರು ತುಂಬುವ ಹೊತ್ತಿಗೆ ಇಳಿಯುವ ಆನೆಗಳು, ಇವುಗಳ ಎದುರು 2024ರಲ್ಲಿ 50 ಕೆಜಿ ರೊಬಸ್ಟಾ ಚೆರ್ರಿ ಕಾಫಿಯ ಚೀಲ 10,000 ರೂಪಾಯಿ ದಾಟಿತು. ಇಂಥ ಬೆಲೆಯ ಮುಂದೆ ಭತ್ತ ಬೆಳೆಯಿರಿ ಎಂದು ಯಾವ ರೈತನಿಗೂ ಉಪದೇಶ ಮಾಡಲಾಗದು. ಪಾಳುಬಿದ್ದ ಗದ್ದೆ, ಶುಂಠಿಗೆ ಗುತ್ತಿಗೆ ಕೊಟ್ಟ ಗದ್ದೆ, ಮಣ್ಣು ತುಂಬಿಸಿ ಮನೆ ಕಟ್ಟಿದ ಗದ್ದೆ, 2018ರ ಆಗಸ್ಟಿನ ಭೂಕುಸಿತದಲ್ಲಿ ಹೂಳಿನಡಿ ಹೋದ ಗದ್ದೆ, ಎಲ್ಲವೂ ಒಂದೇ ಕಣಿವೆಯಲ್ಲಿ ಸಿಗುತ್ತವೆ. ಗದ್ದೆಯೊಂದಿಗೆ ಏಡಿ, ಕಿರುಮೀನುಗಳೂ, ಮಳೆನೀರನ್ನು ಹಿಡಿದಿಟ್ಟು ಇಂಗಿಸುತ್ತಿದ್ದ ಕೆಸರೂ ಹೋಗುತ್ತವೆ. ನವೆಂಬರ್–ಡಿಸೆಂಬರಿನಲ್ಲಿ ಬರುವ ಹೊಸ ಬೆಳೆಯ ಹಬ್ಬವಾದ ಪುತ್ತರಿಯ ರಾತ್ರಿ ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತಾ ಕದಿರು ತೆಗೆಯಲು ಸ್ವಂತ ಗದ್ದೆಯಿಲ್ಲದವರು ನೆರೆಯವರ ಗದ್ದೆಯಿಂದ ತರುತ್ತಾರೆ. ಅನ್ನದ ಅಕ್ಕಿಯಂತೂ ಅಂಗಡಿಯದು, ಅಥವಾ ಪಡಿತರದ್ದು.

ಈ ಬದಲಾವಣೆಯ ಭಾರ ಎಲ್ಲರ ಮೇಲೆ ಸಮನಾಗಿ ಬಿದ್ದಿಲ್ಲ. ಬಾಣೆಯಲ್ಲಿ ಕಾಫಿ ಬೆಳೆದವನು ಅಕ್ಕಿಯನ್ನು, ಅಣಬೆಯನ್ನು, ಕಾಚಂಪುಳಿಯನ್ನು ಕೊಳ್ಳಬಲ್ಲ. ಅವನ ಪಾಲಿಗೆ ಕಾಡಿನ ದಾರಿ ಮುಚ್ಚಿದರೂ ಸಂತೆಯ ದಾರಿ ತೆರೆದಿದೆ. ಜೇನುಕುರುಬರಿಗೆ ಆ ಅನುಕೂಲವಿಲ್ಲ. ಹೆಜ್ಜೇನು ಇಳಿಸಿ, ಗೆಣಸು ಅಗೆದು ಬದುಕಿದವರು ಇವರು. ಗೆಣಸನ್ನು ತೆಗೆದುಕೊಂಡು ಬಳ್ಳಿಯ ತಲೆಯನ್ನು ಮತ್ತೆ ಮಣ್ಣಿಗೆ ಹೂಳಿ ಬರುವ ಪದ್ಧತಿ ಇವರದು. ನಾಗರಹೊಳೆ ರಾಷ್ಟ್ರೀಯ ಉದ್ಯಾನವೂ ಆಮೇಲೆ ಹುಲಿ ಸಂರಕ್ಷಿತ ಪ್ರದೇಶವೂ ಆದಂತೆ ಇವರಲ್ಲಿ ಬಹಳ ಜನ ಕಾಡಿನಿಂದ ಹೊರಬಿದ್ದು ತೋಟಗಳ ಕೂಲಿಗಳಾದರು. 2006ರ ಅರಣ್ಯ ಹಕ್ಕು ಕಾಯಿದೆ ಕಿರು ಅರಣ್ಯ ಉತ್ಪನ್ನಗಳ ಮೇಲೆ ಹಕ್ಕನ್ನು ಒಪ್ಪಿಕೊಂಡಿದೆ, ಬಿದಿರನ್ನೂ ಆ ಪಟ್ಟಿಯಲ್ಲಿ ಸೇರಿಸಿದೆ. ಕಾಗದದ ಹಕ್ಕು ನೆಲಕ್ಕೆ ಇಳಿಯುವುದು ಮಾತ್ರ ಬಹಳ ನಿಧಾನ. 2025ರ ಮೇ ತಿಂಗಳಲ್ಲಿ 52 ಜೇನುಕುರುಬ ಕುಟುಂಬಗಳು ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರುಕೊಲ್ಲಿಗೆ ಮರಳಿ ಹೋಗಿ, ಇದು ನಮ್ಮ ಹಿರಿಯರ ನೆಲ ಎಂದು ಗುಡಿಸಲು ಕಟ್ಟಲು ನಿಂತಾಗ ನಡೆದ ತಿಕ್ಕಾಟದ ಹಿಂದೆ ಈ ಇಡೀ ಇತಿಹಾಸವಿದೆ. ಇತ್ತ ಸರ್ಕಾರವು ಮಳೆಗಾಲದಲ್ಲಿ ಇಂಥ ಸಮುದಾಯಗಳಿಗೆ ರಾಗಿ, ಬೇಳೆಕಾಳು, ಬೆಲ್ಲ, ಎಣ್ಣೆ, ಮೊಟ್ಟೆಗಳ ಪೌಷ್ಟಿಕ ಆಹಾರದ ಪೊಟ್ಟಣ ಹಂಚುತ್ತಾ ಬಂದಿದೆ. ಆ ಪೊಟ್ಟಣ ಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಹಂಚುತ್ತಾ ಬಂದದ್ದು ಕಾಡು ಅತಿ ಹೆಚ್ಚು ಉಣಿಸುತ್ತಿದ್ದ ತಿಂಗಳುಗಳಲ್ಲೇ ಎಂಬುದನ್ನು ಗಮನಿಸದೆ ಇರಲಾಗದು.

ಹಾಗೆಂದು ಕಾಡಿನ ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ 1990ರ ದಶಕದ ಉಪ್ಪಾಗೆಯ ಪೈಪೋಟಿ ಸಾಕ್ಷಿ. ಮನೆಯ ಅಡುಗೆಗೆ ಆಯುವುದಕ್ಕೂ ಪೇಟೆಗೆ ತುಂಬಿಸುವುದಕ್ಕೂ ಕಾನೂನು ಸ್ಪಷ್ಟವಾದ ಗೆರೆ ಎಳೆಯಬೇಕು. ತೋಟದೊಳಗೆ ಬೆಳೆಯುವ ಕಾಚಂಪುಳಿ, ಕಾಡುಮಾವು, ಕೆಸು, ಮದ್ದು ಸೊಪ್ಪುಗಳಿಗೆ ಬೆಳೆಗಾರನೇ ಬೆಲೆ ಕಾಣುವಂತಾದರೆ ಸಿಂಪಡಣೆಯ ಕೈ ಸ್ವಲ್ಪ ತಡೆಯಬಹುದು. ಕೊಡಗಿನ ಕಿತ್ತಳೆಗೆ, ಏಲಕ್ಕಿಗೆ, 2019ರಲ್ಲಿ ಅರೇಬಿಕಾ ಕಾಫಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಗುರುತು ಸಿಕ್ಕ ಕಿತ್ತಳೆಯೇ ರೋಗಕ್ಕೆ ತುತ್ತಾಗಿ ತೋಟಗಳಲ್ಲಿ ಅಪರೂಪವಾಗಿರುವುದರಿಂದ, ಮುದ್ರೆಯೊಂದೇ ಗಿಡವನ್ನು ಉಳಿಸುತ್ತದೆ ಎಂದು ನಂಬಲು ನನಗೆ ಧೈರ್ಯ ಸಾಲದು.

ಇದರ ನಡುವೆ ತೋಟಗಳ ಲೈನ್‌ಮನೆಗಳಲ್ಲಿ ಯಾರೂ ಯೋಜಿಸದ ಇನ್ನೊಂದು ಸಂಗತಿ ನಡೆಯುತ್ತಿದೆ. ಈಗ ಕೊಡಗಿನ ಕಾಫಿ ಕೊಯ್ಯುವವರಲ್ಲಿ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡಿನಿಂದ ಬಂದವರು ಬಹಳ ಮಂದಿ. ಸಿದ್ದಾಪುರ, ಗೋಣಿಕೊಪ್ಪಗಳ ಕಿರಾಣಿ ಅಂಗಡಿಗಳಲ್ಲಿ ಅವರಿಗೆಂದೇ ಸಾಸಿವೆ ಎಣ್ಣೆಯ ಬಾಟಲಿಗಳು ಬಂದು ಕುಳಿತಿವೆ. ಅಸ್ಸಾಮಿನವರು ಎಳೆಬಿದಿರನ್ನು ಹುದುಗಿಸಿ ಖೊರಿಸಾ ಮಾಡುವವರು. ತೊರೆಯ ದಂಡೆಯ ಜರಿಗಿಡದ ಸುರುಳಿ ಚಿಗುರು ಅವರ ಊರಿನಲ್ಲಿ ಢೇಕಿಯಾ ಎಂಬ ನಿತ್ಯದ ಪಲ್ಯ. ಜೂನಿನ ಮೊದಲ ಮಳೆ ಬಿದ್ದ ಮೇಲೆ ತೋಟದ ಅಂಚಿನ ಹಳ್ಳದಲ್ಲಿ ಆ ಚಿಗುರನ್ನು ಮುರಿದು ಮಡಿಲಿಗೆ ಹಾಕಿಕೊಳ್ಳುವ ಹೆಂಗಸಿಗೆ ಕೊಡವ ತಕ್ಕ್ ಬರುವುದಿಲ್ಲ, ತೆರ್ಮೆ ತೊಪ್ಪು ಎಂಬ ಹೆಸರೂ ಗೊತ್ತಿಲ್ಲ. ಯಾವ ಚಿಗುರು ಎಷ್ಟು ಎಳೆಯದಿರುವಾಗ ಮುರಿಯಬೇಕು ಎಂಬುದು ಮಾತ್ರ ಚೆನ್ನಾಗಿ ಗೊತ್ತು. ಕಳೆನಾಶಕದ ಕ್ಯಾನು ಹೊತ್ತವನು ಹಳ್ಳದ ಆ ಮಗ್ಗುಲಿಗೆ ಬರುವ ಮೊದಲೇ ಅವಳು ತನ್ನ ಕೆಲಸ ಮುಗಿಸಬೇಕು.